‘ರೋಲಿಂಗ್’ ಅನ್ನುವ ಮೊದಲಿನ ಹತ್ತು ಸೆಕೆಂಡು

ಮೈಸೂರಿನ ಕೃಷ್ಣಮೂರ್ತಿಪುರದ ಹಳೆಯ ಮನೆಯೊಂದರಲ್ಲಿ ಸಿನಿಮಾ ಶೂಟಿಂಗ್ ನಡೆಯುತ್ತಿದ್ದಾಗ ನಾನು ಒಂದು ಕುಕ್ಕರಿನ ಸೀಟಿಗಾಗಿ ಕೆಲಸ ನಿಲ್ಲಿಸಿದ್ದೆ. ಈ ಬರಹ ಅಲ್ಲಿಂದಲೇ ಶುರುವಾಗಬೇಕು, ಏಕೆಂದರೆ ಅದೇ ದಿನ ಸಂಜೆ ನಿಲ್ಲಿಸಲೇಬೇಕಾಗಿದ್ದ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ.

ಸೀಟಿ ಬಂದದ್ದು ಪಕ್ಕದ ಮನೆಯಿಂದ. ಮಹಡಿಯ ಕೋಣೆಯಲ್ಲಿ ನಾಯಕಿ ನಾಯಕನ ಎದೆಗೊರಗಿ, ತಾವಿಬ್ಬರೂ ಸೇರಿ ಕೊಂದವರ ಮುಖಗಳು ಕನಸಿನಲ್ಲಿ ಬರುತ್ತಿವೆಯೆಂದು ಪಿಸುಗುಟ್ಟುತ್ತಿದ್ದಳು. ಚಿತ್ರದ ಕಥೆಯೇ ಅಂಥದ್ದು. ಪ್ರೀತಿಸಿ ಮನೆ ಬಿಟ್ಟು ಓಡಿದ ಇಬ್ಬರು ಮೊದಲು ಒಂದು ಬೈಕು ಕದಿಯುತ್ತಾರೆ, ಆಮೇಲೆ ಒಂದು ಒಡವೆ ಅಂಗಡಿಗೆ ನುಗ್ಗುತ್ತಾರೆ, ಅಲ್ಲಿನ ಕಾವಲುಗಾರ ಸಾಯುತ್ತಾನೆ. ಅಲ್ಲಿಂದ ಮುಂದೆ ರಕ್ತಕ್ಕೆ ಕೊನೆಯಿಲ್ಲ. ಕಡೆಗೆ ಮೈಸೂರಿನ ಒಂದು ಪಾಳುಮನೆಯಲ್ಲಿ ಅಡಗಿ, ಒಬ್ಬರನ್ನೊಬ್ಬರು ನಂಬಲಾರದೆ, ಅವನೇ ಅವಳನ್ನು ಮಹಡಿಯಿಂದ ಕೆಳಗೆ ತಳ್ಳುತ್ತಾನೆ. ಪಿಸುಮಾತು ಮುಗಿಯುವ ಮುಂಚೆ ಸೀಟಿ ಕೂಗಿತು. ನಾನು ಕೈ ಎತ್ತಿದೆ, ಕ್ಯಾಮೆರಾ ನಿಂತಿತು.

ಪಕ್ಕದ ಮನೆಗೆ ಹೋಗಿ ಬೇಡಿಕೊಂಡದ್ದೂ ನಾನೇ. ಬಾಗಿಲು ತೆರೆದ ಗೃಹಿಣಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಿಮ್ಮ ಸಿನಿಮಾಗೋಸ್ಕರ ನಮ್ಮನೆ ಬೇಳೆ ಬೇಯೋದು ಬೇಡ್ವೇನಮ್ಮ?”

“ಅರ್ಧ ಗಂಟೆ ಅಷ್ಟೇ ಅಮ್ಮ. ಬೇಕಾದ್ರೆ ಪಾತ್ರೇಲಿ ಬೇಯಿಸಿ.”

“ಅಲ್ಲ, ನಮ್ಮನೆಯೋರು ಊಟಕ್ಕೆ ಕೂತ್ಕೊಂಡಾಯ್ತು ಕಣ್ರೀ. ನೀವೇ ಬಂದು ಬಡಿಸ್ತೀರಾ?” ಎಂದರು. ಆದರೂ ಒಲೆ ಆರಿಸಿದರು.

ನಾನು ಧ್ವನಿ ಹಿಡಿಯುವವಳು. ನಮ್ಮಲ್ಲಿ ಬಹಳಷ್ಟು ಚಿತ್ರಗಳಿಗೆ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಕೂತು ಡಬ್ ಮಾಡುತ್ತಾರೆ. ಈ ಚಿತ್ರಕ್ಕೆ ಮಾತು, ಉಸಿರು, ಹೆಜ್ಜೆಯ ಸದ್ದು ಎಲ್ಲವನ್ನೂ ಶೂಟಿಂಗ್ ಜಾಗದಲ್ಲೇ ಹಿಡಿಯೋಣ ಎಂದು ನಿರ್ದೇಶಕನ ತಲೆ ತಿಂದು ಒಪ್ಪಿಸಿದವಳು ನಾನು. ಒಪ್ಪಿದ ದಿನದಿಂದ ಅವನಿಗೆ ನನ್ನ ಕಾಟ ತಪ್ಪಲಿಲ್ಲ. ಫ್ಯಾನು ಆರಿಸಿ, ಜನರೇಟರ್ ದೂರ ಇಡಿ, ಚಪ್ಪಲಿ ಬಿಚ್ಚಿ ಓಡಾಡಿ, ಕೊತ್ತಂಬರಿ ಸೊಪ್ಪಿನವನನ್ನು ಮುಂದಿನ ಬೀದಿಗೆ ಕಳಿಸಿ. ನನ್ನ ಕಿವಿಯ ಬಗ್ಗೆ ನನಗೆ ಆಗ ಸ್ವಲ್ಪ ಜಂಬವಿತ್ತು. ಯಾರಿಗೂ ಕೇಳದ್ದು ನನಗೆ ಕೇಳುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಅಂದು ಕುಕ್ಕರಿಗೂ ಮುಂಚೆ ಇನ್ನೆರಡು ಸಲ ನಿಲ್ಲಿಸಿದ್ದೆ. ಮೂರನೆಯ ಸಲಕ್ಕೆ ನಿರ್ದೇಶಕ ಎಲ್ಲರೆದುರೇ ಕೈ ಮುಗಿದ.

“ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೊಂದೇ ಒಂದು ಸಲ ಸೌಂಡಿಂದ ಶಾಟ್ ನಿಂತ್ರೆ, ಇಡೀ ಪಿಕ್ಚರ್ ಡಬ್ಬಿಂಗೇ. ನೀವು ಮನೇಲಿ ಆರಾಮಾಗಿರಿ.”

ಲೈಟಿನವರು ನಕ್ಕರು. ನಾನೂ ನಕ್ಕಂತೆ ಮಾಡಿ ನನ್ನ ಮೂಲೆಗೆ ಹೋದೆ. ಒಳಗೊಳಗೇ ಕುದಿಯುತ್ತಿದ್ದೆ. ಇನ್ನು ಈ ಮನೆಗೆ ಬೆಂಕಿ ಬಿದ್ದರೂ ನಾನು ಕೈ ಎತ್ತುವುದಿಲ್ಲ ಎಂದುಕೊಂಡೆ. ಸಿಟ್ಟಿನಲ್ಲಿ ಅಂದುಕೊಂಡ ಮಾತು ಅದು, ಆದರೆ ಸಂಜೆ ಅದರಂತೆಯೇ ನಡೆದುಕೊಂಡೆ.

ಸಂಜೆಗೆ ಇದ್ದದ್ದು ತಳ್ಳುವ ದೃಶ್ಯ. ಆ ಮನೆಯ ಮಹಡಿಯ ಪಡಸಾಲೆಗೆ ಮರದ ಕಟಕಟೆ ಇದೆ. ಅಲ್ಲಿ ನಿಂತರೆ ಕೆಳಗಿನ ಹಜಾರ ಕಾಣುತ್ತದೆ. ಕಟಕಟೆಯ ಒಂದು ಭಾಗವನ್ನು ಬಿಚ್ಚಿ, ಅದೇ ಬಣ್ಣದ ಹಗುರ ಮರ ಕೂರಿಸಿದ್ದರು. ಮೈ ತಾಗಿದರೆ ಮುರಿಯಬೇಕು. ಅಂಥದ್ದು ಮಾಡಿದ್ದು ಒಂದೇ, ಆದ್ದರಿಂದ ಟೇಕೂ ಒಂದೇ. ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ದಪ್ಪ ಹಾಸಿಗೆ. ಎದುರಿನ ಎತ್ತರದ ಕಿಟಕಿಯಿಂದ ಇಳಿಬಿಸಿಲು ಸರಿಯಾಗಿ ಆ ಕಟಕಟೆಯ ಮೇಲೆ ಬೀಳುವುದು ಹದಿನೈದು ಇಪ್ಪತ್ತು ನಿಮಿಷ ಮಾತ್ರ. ನಿರ್ದೇಶಕನಿಗೆ ಆ ಬಿಸಿಲೇ ಬೇಕಿತ್ತು.

ನಾಯಕಿಯ ಬದಲು ಬೀಳುವ ಡೂಪ್ ಹುಡುಗಿ ಮೈಸೂರಿನದೇ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸದವಳು. ಬೆಳಗಿನ ಶಿಫ್ಟು ಮುಗಿಸಿ ನೇರ ಬಸ್ಸಿನಲ್ಲಿ ಬಂದಿದ್ದಳು. ಗರಡಿಯಲ್ಲಿ ಕುಸ್ತಿ ಕಲಿತವಳು. ಅವಳನ್ನು ಕರೆತಂದವನು ಫೈಟ್ ಮಾಸ್ಟರಿನ ಸಹಾಯಕ. ಅವನೂ ಮೈಸೂರಿನವನೇ, ಅವಳದೇ ಗರಡಿಯಲ್ಲಿ ಅವಳಿಗಿಂತ ಹತ್ತು ಹನ್ನೆರಡು ವರ್ಷ ಮೊದಲು ಕಲಿತವನು. ಅವಳು ಅವನನ್ನು ಹೊರಗೆ ಅಣ್ಣ ಅನ್ನುತ್ತಿದ್ದಳು, ಸೆಟ್ಟಿನಲ್ಲಿ ಸಾರ್.

ಬೀಳುವವರಿಗೆ ಸಾಮಾನ್ಯವಾಗಿ ಯಾರೂ ಮೈಕ್ ಹಾಕುವುದಿಲ್ಲ. ನನಗೆ ಮಾತ್ರ ಆ ಬೀಳುವಿಕೆಯ ನಿಜವಾದ ಉಸಿರು ಬೇಕಿತ್ತು. ಅವಳನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದುಕೊಂಡು ಹೋಗಿ ನಾನೇ ಕಾಲರ್ ಮೈಕನ್ನು ಎದೆಯ ನಡುಮೂಳೆಯ ಮೇಲೆ ಟೇಪಿನಿಂದ ಅಂಟಿಸಿದೆ. ಸಿಗ್ನಲ್ ಕಳಿಸುವ ಡಬ್ಬಿಯನ್ನು ಸೊಂಟದ ಹಿಂದೆ ಕಟ್ಟುವುದು ರೂಢಿ, ಆದರೆ ಬೀಳುವವರಿಗೆ ಅಲ್ಲಿ ಕಟ್ಟಿದರೆ ಬೆನ್ನುಮೂಳೆಗೆ ಕಂಟಕ. ಅದನ್ನು ಮೀನಖಂಡಕ್ಕೆ ಹತ್ತಿಯ ಪಟ್ಟಿ ಸುತ್ತಿ ಕಟ್ಟಿದೆ. ಅಷ್ಟು ಎಚ್ಚರ ನನಗಿತ್ತು.

“ಹೆದರಿಕೆ ಆಗುತ್ತಾ?” ಎಂದು ಕೇಳಿದೆ.

“ಬೀಳಾಕ್ ಯಾಕಕ್ಕ ಹೆದ್ರಿಕೆ? ನಮ್ ಉಸ್ತಾದ್ರು ಮೊದಲ್ನೇ ಆರು ತಿಂಗ್ಳು ಬೀಳಾದ್ ಬುಟ್ಟು ಇನ್ನೇನೂ ಏಳ್ಕೊಡ್ನಿಲ್ಲ. ಎತ್ತಾದು ಆಮೇಲೆ, ಮೊದ್ಲು ಬೀಳಾದ್ ಕಲಿ ಅಂದ್ರು.” ತೋಳಿಗೆ ಟೇಪು ಅಂಟಿದ್ದನ್ನು ಕಿತ್ತುಕೊಳ್ಳುತ್ತ ನಕ್ಕಳು. “ಇದು ನನ್ ಮಾತೆಲ್ಲಾ ಕೇಳಿಸ್ಕತದಾ?”

“ಉಸಿರು ಕೂಡ.”

“ಅಯ್ಯಪ್ಪಾ, ಅಂಗಾದ್ರೆ ಬಾಯ್ ಮುಚ್ಕಂಡಿರ್ಬೇಕು ಬುಡಿ.”

ನನ್ನ ಜಾಗ ಮೆಟ್ಟಿಲ ಕೆಳಗೆ. ಕುರ್ಚಿಯ ಮೇಲೆ ರೆಕಾರ್ಡರ್, ಕಿವಿಗೆ ಹೆಡ್‌ಫೋನು. ಅಲ್ಲಿಂದ ಮಹಡಿ ಕಾಣದು, ಹಜಾರದ ಒಂದು ಚೂರು ಮಾತ್ರ ಕಾಣುತ್ತದೆ. ಕ್ಯಾಮೆರಾದವರ ಕಡೆಯಿಂದ ‘ಹಾಸಿಗೆ ಫ್ರೇಮಿಗೆ ಬರ್ತಿದೆ’ ಎಂಬ ಕೂಗು ಬಂತು, ಇಬ್ಬರು ಬಂದು ಹಾಸಿಗೆ ಎಳೆದದ್ದು ಕಾಣಿಸಿತು. ಫೈಟ್ ಮಾಸ್ಟರ್ ಆಗ ಹೊರಗೆ ನಾಯಕನಿಗೆ ತಳ್ಳುವ ಬಗೆ ತೋರಿಸುತ್ತಿದ್ದರು. ಅವರು ಒಳಗೆ ಬಂದಾಗ ಎಲ್ಲರೂ ತಂತಮ್ಮ ಜಾಗದಲ್ಲಿದ್ದರು. ಬಿಸಿಲು ಕಟಕಟೆ ಬಿಟ್ಟು ಮೇಲೇರಲು ಶುರುವಾಗಿತ್ತು.

ಆಗ ನನ್ನ ಕಿವಿಯಲ್ಲಿ ಅವಳ ದನಿ ಕೇಳಿಸಿತು. ಮಹಡಿಯ ಮೇಲೆ, ಪಕ್ಕದಲ್ಲಿದ್ದ ಸಹಾಯಕನಿಗೆ ಮೆಲ್ಲಗೆ ಹೇಳುತ್ತಿದ್ದಳು.

“ಸಾರ್, ಬೆಡ್ಡು ಎಡಕ್ಕೆ ಸರಿದ್ಬುಟ್ಟದೆ. ನಾ ಬೀಳೋ ಜಾಗ್ದಲ್ಲಿಲ್ಲ.”

“ಫ್ರೇಮಿಗ್ ಬತ್ತದೆ ಅಂತ ಸರ್ಸವ್ರೆ ಕಣಮ್ಮ. ನೀನೇ ಎಡಕ್ ವಾಲ್ಕಂಡ್ ಬೀಳು.”

“ಮಾಸ್ಟ್ರಿಗೊಂದ್ ಮಾತ್ ಏಳಿ ಸಾರ್.”

“ಲೈಟ್ ಓಯ್ತಾ ಅದೆ, ಸುಮ್ನಿರು.”

ಇದನ್ನು ಆ ಮನೆಯಲ್ಲಿ ಕೇಳಿಸಿಕೊಂಡವರು ಮೂವರು. ಹೇಳಿದವಳು, ಸುಮ್ಮನಿರು ಅಂದವನು, ನಾನು. ನನ್ನ ಎಡಗೈ ಮೊಣಕಾಲ ಮೇಲಿಂದ ಎದ್ದದ್ದು ನನಗೆ ನೆನಪಿದೆ. ಅಷ್ಟರಲ್ಲಿ ನಿರ್ದೇಶಕ “ರೋಲ್ ಸೌಂಡ್!” ಎಂದು ಕೂಗಿದ. ಮಧ್ಯಾಹ್ನದ ಅವನ ಕೈಮುಗಿತ, ಲೈಟಿನವರ ನಗು ಎಲ್ಲ ಒಟ್ಟಿಗೆ ನೆನಪಾಯಿತು. ಅದು ಫೈಟಿನವರ ವಿಷಯ, ಅವರಿಗೆ ಗೊತ್ತಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಗುಂಡಿ ಒತ್ತಿದೆ.

“ರೋಲಿಂಗ್,” ಎಂದೆ.

ಮರ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ರಟ್ಟಿನ ಪೆಟ್ಟಿಗೆಗಳು ಕುಸಿದದ್ದೂ ಕೇಳಿಸಿತು. ಅವೆರಡರ ನಡುವೆ, ಹಾಸಿಗೆಯ ಅಂಚಿನಾಚೆ ಕಲ್ಲುನೆಲಕ್ಕೆ ಅವಳ ಬಲಗೈ ಬಡಿದು ಮಣಿಕಟ್ಟಿನಲ್ಲಿ ‘ಕಟ್’ ಅಂದದ್ದು ನನಗೆ ಮಾತ್ರ ಕೇಳಿಸಿತು. ಅದರ ಹಿಂದೆಯೇ ಅವಳು ಉಸಿರು ಬಿಗಿಹಿಡಿದದ್ದು. ಕಿರುಚಿದರೆ ಟೇಕು ಹಾಳಾಗುತ್ತದೆಂದು ಅವಳು ಕಿರುಚಲಿಲ್ಲ. ನಿರ್ದೇಶಕ “ಕಟ್” ಅನ್ನುವವರೆಗೆ, ಏಳೆಂಟು ಸೆಕೆಂಡು, ಹೆಣದ ಹಾಗೆ ಬಿದ್ದಿದ್ದಳು. ಜನ ಚಪ್ಪಾಳೆ ತಟ್ಟಿದರು.

“ಸೌಂಡ್?” ನಿರ್ದೇಶಕ ಕೇಳಿದ.

ಪ್ರತಿ ಟೇಕಿನ ಕೊನೆಗೆ ಅವನು ಕೇಳುತ್ತಾನೆ, ನಾನು ಉತ್ತರ ಕೊಡುತ್ತೇನೆ. ಆ ಉತ್ತರವಿಲ್ಲದೆ ಟೇಕು ಮುಗಿಯುವುದಿಲ್ಲ.

“ಓಕೆ,” ಎಂದೆ.

ಅಷ್ಟು ಹೊತ್ತಿಗೆ ಎದ್ದು ಕೂತ ಹುಡುಗಿಯ ಕೈ ಊದಿಕೊಳ್ಳುತ್ತಿತ್ತು. ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮೂಳೆ ಮುರಿದಿತ್ತು, ಹಿಟ್ಟಿನ ಕಟ್ಟು ಹಾಕಿದರು. ಖರ್ಚೆಲ್ಲ ನಿರ್ಮಾಪಕರ ಕಡೆಯಿಂದಲೇ ಆಯಿತು, ಆ ಬಗ್ಗೆ ನಾನು ದೂರಲಾರೆ. ಆದರೆ ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸೆಟ್ಟಿನಲ್ಲಿ ಒಂದು ಮಾತು ತಯಾರಾಗಿ ನಿಂತಿತ್ತು. ಡೂಪ್ ಹುಡುಗಿ ಹೇಳಿಕೊಟ್ಟ ಜಾಗ ಬಿಟ್ಟು ತಾನೇ ಎಡಕ್ಕೆ ವಾಲಿದಳು, ಗಾಬರಿಬಿದ್ದಳು ಎಂದು. ಮಾನಿಟರಿನಲ್ಲಿ ನೋಡಿದರೆ ವಾಲಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ವಾಲು ಎಂದು ಹೇಳಿದ್ದು ಯಾರು ಎಂಬುದು ಮಾನಿಟರಿನಲ್ಲಿ ಕಾಣುವಂಥದ್ದಲ್ಲ. ಸಹಾಯಕ ತಲೆ ತಗ್ಗಿಸಿ ಇಡ್ಲಿ ತಿನ್ನುತ್ತಿದ್ದ.

ಪ್ರೊಡಕ್ಷನ್ ಮ್ಯಾನೇಜರ್ ಕಾಫಿ ಲೋಟ ಹಿಡಿದು ನನ್ನ ಮೂಲೆಗೆ ಬಂದರು. ಒಳ್ಳೆಯ ಮನುಷ್ಯ, ಎಲ್ಲವನ್ನೂ ಕಾಗದದ ಮೇಲೆ ಸರಿಯಾಗಿಡುವವರು.

“ಮೇಡಂ, ಆ ಹುಡ್ಗಿ ಆಸ್ಪತ್ರೇಲಿ ಏನೋ ಹೇಳ್ತಿದ್ಲಂತೆ, ಶಾಟಿಗೆ ಮುಂಚೆ ನಾನು ಹೇಳಿದ್ದೆ ಅಂತ. ನಿಮ್ಮ ಮೈಕಲ್ಲಿ ಏನಾದ್ರೂ ರೆಕಾರ್ಡ್ ಆಗಿದ್ಯಾ?”

“ರೋಲ್ ಆಗಿದ್ದು ಆಮೇಲೆ ಸರ್,” ಎಂದೆ.

ಆ ಮಾತಿನಲ್ಲಿ ಸುಳ್ಳಿನ ಒಂದಕ್ಷರವಿಲ್ಲ. ನಾನು ಗುಂಡಿ ಒತ್ತಿದ್ದು ಅವರ ಮಾತು ಮುಗಿದ ಮೇಲೆಯೇ. ಆದರೆ ನನ್ನ ರೆಕಾರ್ಡರಿಗೆ ಒಂದು ಗುಣವಿದೆ. ಒತ್ತುವುದು ತಡವಾಗಿ ಮೊದಲ ಮಾತು ತಪ್ಪಿಹೋಗಬಾರದೆಂದು ಅದು ಸದಾ ಹಿಂದಿನ ಹತ್ತು ಸೆಕೆಂಡನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಗುಂಡಿ ಒತ್ತಿದ ಕೂಡಲೇ ಆ ಹತ್ತು ಸೆಕೆಂಡನ್ನೂ ಫೈಲಿನ ತಲೆಗೆ ಸೇರಿಸುತ್ತದೆ. ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ. ಮ್ಯಾನೇಜರಿಗೆ ಗೊತ್ತಿರಲಿಲ್ಲ, ನಾನು ಹೇಳಲಿಲ್ಲ. ಅವರು “ಸದ್ಯ, ಒಳ್ಳೇದಾಯ್ತು” ಎಂದು ಕಾಫಿ ಮುಗಿಸಿ ಹೋದರು.

ಕೆಲವು ವಾರಗಳ ಮೇಲೆ ಕುಂಬಳಕಾಯಿ ಒಡೆದು ಶೂಟಿಂಗ್ ಮುಗಿಸಿದರು. ಫೈಲುಗಳೆಲ್ಲ ಗೋಕುಲಂನ ನನ್ನ ಸ್ಟುಡಿಯೋಗೆ ಬಂದವು. ಸ್ಟುಡಿಯೋ ಎಂದರೆ ಬಾಡಿಗೆ ಮನೆಯೊಂದರ ಹಿಂಬದಿಯ ಕೋಣೆ, ಗೋಡೆಗಳಿಗೆಲ್ಲ ಹಾಸಿಗೆಯ ಸ್ಪಂಜು. ಮೇಲಿನ ಮಹಡಿಯಲ್ಲಿ ಯೋಗ ಕಲಿಯಲು ಬಂದ ವಿದೇಶಿ ದಂಪತಿ ಇದ್ದರು. ಬೆಳಿಗ್ಗೆ ಅವರು ಒಂದು ಆಸನದಿಂದ ಇನ್ನೊಂದಕ್ಕೆ ಹಾರಿದಾಗಲೆಲ್ಲ ನನ್ನ ಸೂರು ಧಡ್ ಅನ್ನುತ್ತಿತ್ತು. ಅವರ ಅಭ್ಯಾಸ ಮುಗಿಯುವವರೆಗೆ ನಾನು ಸೊಪ್ಪು ಬಿಡಿಸುತ್ತ ಕೂರುತ್ತಿದ್ದೆ.

ಶೂಟಿಂಗಿನಲ್ಲಿ ಸಿಗದ ಸದ್ದುಗಳನ್ನು ಕೈಯಾರೆ ಮಾಡಿ ಸೇರಿಸಬೇಕು. ಇಂಥ ಚಿತ್ರಕ್ಕೆ ಅದು ಅಡುಗೆಮನೆಯ ಕೆಲಸವೇ ಸರಿ. ಇರಿತಕ್ಕೆ ಕಲ್ಲಂಗಡಿ, ರಕ್ತದಲ್ಲಿ ನಡೆಯುವ ಹೆಜ್ಜೆಗೆ ಒದ್ದೆ ಚಿಂದಿ, ಮೂಳೆ ಮುರಿಯುವುದಕ್ಕೆ ಕಬ್ಬು. ದೇವರಾಜ ಮಾರುಕಟ್ಟೆಯಿಂದ ಒಂದು ಹೊರೆ ಕಬ್ಬು ತಂದು, ಸಿಪ್ಪೆ ಸಮೇತ, ಸಿಪ್ಪೆ ತೆಗೆದು, ನೆನೆಸಿ, ಒಣಗಿಸಿ ಮುರಿದೆ. ನಿರ್ದೇಶಕ ಬಂದು ಕೂತು ಎಲ್ಲಕ್ಕೂ ತಲೆಯಾಡಿಸಿದ, ಮೂಳೆಗೆ ಮಾತ್ರ ಒಪ್ಪಲಿಲ್ಲ. ಕಬ್ಬು ಕಬ್ಬಿನ ಹಾಗೇ ಕೇಳುತ್ತೆ ಎಂದ. ಆಮೇಲೆ ತಳ್ಳುವ ದೃಶ್ಯ ಬಂತು, ಅದರಲ್ಲಿ ಸೆಟ್ಟಿನ ಧ್ವನಿಯೇ ಇತ್ತು. ಅವನು ಕುರ್ಚಿಯಿಂದ ಎದ್ದುಬಿಟ್ಟ.

“ಇದು! ಇದು ಎಲ್ಲಿಂದ ತಂದ್ರಿ ಮೇಡಂ? ಮೈ ಜುಮ್ ಅಂತು ನೋಡಿ.”

“ಸೆಟ್ಟಲ್ಲೇ ಸಿಕ್ಕಿದ್ದು.”

“ಇದನ್ನೇ ಎಲ್ಲಾ ಕಡೆ ಹಾಕಿ. ಕಾವಲುಗಾರನ ಕುತ್ತಿಗೆಗೆ, ಲಾಡ್ಜಿನ ಫೈಟಿಗೆ, ಎಲ್ಲಾ ಕಡೆ. ಅದಕ್ಕೇ ನಿಮ್ಮ ಕಿವಿ ಬೇಕು ಅನ್ನೋದು.”

ಹಾಕಿದೆ. ಐದು ಕಡೆ ಹಾಕಿದೆ. ಕುತ್ತಿಗೆಗೆ ಸ್ವಲ್ಪ ದಪ್ಪ ಮಾಡಿ, ಬೆರಳಿಗೆ ಸ್ವಲ್ಪ ತೆಳ್ಳಗೆ ಮಾಡಿ, ಒಂದು ಕಡೆ ಪ್ರತಿಧ್ವನಿ ಸೇರಿಸಿ. ನಾಚಿಕೆಯ ಮಾತು ಹೇಳಬೇಕೆಂದರೆ, ಆ ಹೊಗಳಿಕೆ ನನಗೆ ಹಿತವಾಗಿಯೇ ಇತ್ತು. ಅಂದು ರಾತ್ರಿ ಊಟದ ಹೊತ್ತಿಗೆ ಮಾತ್ರ, ಚಪಾತಿಯ ಜೊತೆ ಹಪ್ಪಳ ಮುರಿದ ನನ್ನ ಯಜಮಾನರನ್ನು ಸುಮ್ಮಸುಮ್ಮನೆ ಗದರಿದೆ.

ಡೂಪ್ ಹುಡುಗಿ ಮತ್ತೆ ನನ್ನೆದುರು ಬಂದದ್ದು ನಾನೇ ಕರೆಸಿದ್ದರಿಂದ. ಬೀಳುವಾಗಿನ ಏದುಸಿರನ್ನು ನಾಯಕಿ ಬಂದು ಕೊಟ್ಟು ಹೋಗಿದ್ದಳು, ಆದರೆ ಅದು ಮೆಟ್ಟಿಲು ಹತ್ತಿ ಬಂದವರ ಉಸಿರಿನ ಹಾಗಿತ್ತು. ಹುಡುಗಿಯನ್ನೇ ಕರೆಸಿ ಎಂದ ನಿರ್ದೇಶಕ. ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದಳು. ಕೈಯ ಕಟ್ಟು ಬಿಚ್ಚಿದ್ದರು. ಮಣಿಕಟ್ಟು ಪೂರ್ತಿ ಬಾಗುತ್ತಿರಲಿಲ್ಲ. ನೀರಿನ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡಳು.

ಮೈಕಿನ ಮುಂದೆ ನಿಲ್ಲಿಸಿ, ಹೆಡ್‌ಫೋನು ಹಾಕಿ, ಪರದೆಯ ಮೇಲೆ ದೃಶ್ಯ ಬಿಟ್ಟೆ. ಬರೀ ಚಿತ್ರ ಬಿಡಬೇಕಿತ್ತು. ಸೆಟ್ಟಿನ ಧ್ವನಿಯ ಟ್ರ್ಯಾಕನ್ನು ಆರಿಸುವುದು ಮರೆತಿದ್ದೆ. ಮರ ಮುರಿಯಿತು, ಅದರ ಹಿಂದೆ ಆ ಸದ್ದು. ಅವಳು ಉಸಿರು ಕೊಡಲಿಲ್ಲ, ತನ್ನ ಬಲಗೈಯನ್ನು ನೋಡಿಕೊಂಡಳು.

“ಅಕ್ಕ, ಇದು ನನ್ ಕೈದಾ?”

“ಹೂಂ.”

“ಇಷ್ಟ್ ಜೋರಾಗ್ ಕೇಳಿಸ್ತಾ?” ಮಣಿಕಟ್ಟನ್ನು ಸವರಿಕೊಂಡಳು. “ನಂಗ್ ಆಗ ಸದ್ದೇ ಕೇಳಿಸ್ನಿಲ್ಲ ಕಣಕ್ಕ.”

ಉಸಿರನ್ನೆಲ್ಲ ಕೊಟ್ಟಳು. ಮೂರು ಸಲ ಹೇಳಿದರೆ ಮೂರು ಸಲ, ಒಂದರಂತೆ ಒಂದು. ಮುಗಿದ ಮೇಲೆ ಕಾಫಿ ಮಾಡಿ ಕೊಟ್ಟೆ. ಇನ್ನು ಕುಸ್ತಿ ಯಾವಾಗಿನಿಂದ ಎಂದು ಕೇಳಿದೆ. ಮಾತು ತುಂಬಿಸಲು ಕೇಳಿದ್ದು ಅಷ್ಟೆ.

“ಉಸ್ತಾದ್ರು ಮಟ್ಟಿಗೇ ಇಳಿಸ್ತಾ ಇಲ್ಲ,” ಎಂದಳು. ಮಟ್ಟಿ ಎಂದರೆ ಗರಡಿಯೊಳಗಿನ ಕುಸ್ತಿಯ ಮಣ್ಣು. “ಆ ಅಣ್ಣ ಓಗಿ ಏಳವ್ನೆ, ಇವ್ಳು ಗಾಬ್ರಿಬಿದ್ದು ತಾನೇ ವಾಲ್ಬುಟ್ಲು ಅಂತ. ಅವ್ನು ಉಸ್ತಾದ್ರ ಮೊದಲ್ನೇ ಕಾಲದ್ ಹುಡ್ಗ, ಅವ್ನ್ ಮಾತು ನಂಬಾರಾ ನನ್ ಮಾತು ನಂಬಾರಾ? ಹೆಣ್ಮಕ್ಳುನ್ನ ಮಟ್ಟಿಗೆ ಇಳಿಸ್ಬ್ಯಾಡಿ ಅಂತ ಊರೆಲ್ಲಾ ಏಳ್ದಾಗ ನನ್ನ ಇಳಿಸ್ದೋರು ಅವ್ರು. ಈಗ ಅವ್ರೇ, ಬೀಳಾಕ್ ಬರ್ದೋರ್ಗೆ ಇಲ್ಲೇನು ಕೆಲ್ಸ ಅಂದ್ಬುಟ್ರು. ದಸರಾ ಕುಸ್ತಿಗೆ ಹೆಸ್ರೂ ಕೊಡಲ್ವಂತೆ.”

“ಕೈ ಸರಿಯಾದ ಮೇಲೆ ಒಪ್ಪಬಹುದು.”

“ಕೈ ಬುಡಿ ಅಕ್ಕ, ವಾಸಿ ಆಯ್ತದೆ. ಬೀಳಾಕ್ ಬರಲ್ಲ ಅಂದ್ಬುಟ್ರಲ್ಲ.”

ಕಣ್ಣಲ್ಲಿ ನೀರಿರಲಿಲ್ಲ. ಕಾಫಿ ಲೋಟ ತಾನೇ ತೊಳೆದಿಟ್ಟು, ಹೆಬ್ಬಾಳದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ, ನನ್ನ ನಾಲಿಗೆ ಏಳಲಿಲ್ಲ. ಗೇಟಿನವರೆಗೆ ಹೋಗಿ ಕಳಿಸಿ ಬಂದೆ.

ವಾಪಸ್ಸು ಬಂದು ಆ ದಿನದ ಮೂಲ ಫೈಲು ತೆರೆದೆ. ಅಲ್ಲಿಯವರೆಗೆ, ಎಷ್ಟೋ ತಿಂಗಳು, ನಾನು ಆ ಫೈಲನ್ನು ಮರ ಮುರಿಯುವ ಜಾಗದಿಂದ ಮಾತ್ರ ಬಳಸಿದ್ದೆ. ತಲೆಯ ಕಡೆಗೆ ಹೋಗಿರಲೇ ಇಲ್ಲ. ಈಗ ಮೊದಲಿನಿಂದ ಬಿಟ್ಟೆ. ಹತ್ತು ಸೆಕೆಂಡಿನಲ್ಲಿ ಅವಳ ಮೊದಲ ಮಾತಿನ ಅರ್ಧ ಕತ್ತರಿಸಿ ಹೋಗಿತ್ತು. ‘ಸರಿದ್ಬುಟ್ಟದೆ’ ಎಂಬಲ್ಲಿಂದ ಶುರುವಾಗಿ ಉಳಿದದ್ದೆಲ್ಲ ಇತ್ತು, ಬಟ್ಟೆಯ ಸರಬರ ಸಮೇತ. ವಾಲ್ಕಂಡ್ ಬೀಳು. ಮಾಸ್ಟ್ರಿಗೊಂದ್ ಮಾತ್ ಏಳಿ. ಸುಮ್ನಿರು. ಆಮೇಲೆ ಒಂದು ಖಾಲಿ ಜಾಗ, ದೂರದಲ್ಲಿ ನಿರ್ದೇಶಕನ ಕೂಗು. ಆಮೇಲೆ, ರೆಕಾರ್ಡರಿನದೇ ಮೈಕಿನಲ್ಲಿ, ಎಲ್ಲರಿಗಿಂತ ಸ್ಪಷ್ಟವಾಗಿ, ‘ರೋಲಿಂಗ್’.

ನನ್ನ ದನಿಯನ್ನು ನಾನು ಸಾವಿರ ಸಲ ಹೀಗೆ ಕೇಳಿದ್ದೇನೆ. ಪ್ರತಿ ಫೈಲಿನಲ್ಲೂ ಇರುತ್ತದೆ, ಕತ್ತರಿಸಿ ಎಸೆಯುತ್ತೇನೆ. ಅಂದು ಅದು ಬೇರೆ ಯಾರದೋ ಅನ್ನಿಸಿತು. ಗಾಬರಿಯಿಲ್ಲ, ಅನುಮಾನವಿಲ್ಲ, ಕೆಲಸ ಚೆನ್ನಾಗಿ ಬಲ್ಲ ಹೆಂಗಸಿನ ನಿರಾಳ ದನಿ. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಒಂದು ಕುಕ್ಕರಿಗಾಗಿ ಇಡೀ ಸೆಟ್ಟನ್ನು ನಿಲ್ಲಿಸಿದವಳು ಇವಳೇ.

ಶೂಟಿಂಗಿನ ಯಾವ ಧ್ವನಿಯನ್ನೂ ಹೊರಗೆ ಕೊಡುವುದಿಲ್ಲವೆಂದು ನಾನು ಸಹಿ ಹಾಕಿದ್ದ ಕಾಗದ ಮೇಜಿನ ಖಾನೆಯಲ್ಲೇ ಇತ್ತು. ತೆಗೆದು ಓದಿದೆ, ಮತ್ತೆ ಒಳಗಿಟ್ಟೆ. ಮರುದಿನ ಬೆಳಿಗ್ಗೆ ಮೇಲಿನವರ ಯೋಗ ಮುಗಿಯುವುದನ್ನೇ ಕಾದು, ಐದು ಕಡೆಯಿಂದಲೂ ಆ ಮೂಳೆಯ ಸದ್ದನ್ನು ತೆಗೆದೆ. ಆರನೆಯದಾಗಿ ಅವಳ ದೃಶ್ಯದಿಂದಲೂ ತೆಗೆದೆ. ಎಲ್ಲ ಕಡೆ ಕಬ್ಬು ಕೂರಿಸಿದೆ. ಆಮೇಲೆ ನಿರ್ದೇಶಕನಿಗೆ ಫೋನು ಮಾಡಿ, ಆ ಸದ್ದು ಯಾವುದು, ಅದರ ಹಿಂದಿನ ಹತ್ತು ಸೆಕೆಂಡಿನಲ್ಲಿ ಏನಿದೆ, ಅದನ್ನು ಯಾರಿಗೆ ಕೇಳಿಸಲು ಹೊರಟಿದ್ದೇನೆ ಎಂದು ಎಲ್ಲ ಹೇಳಿದೆ.

ಆ ಕಡೆ ಅವನು ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

“ಬೆಡ್ ಸರಿಸಿದ್ದು ನಂಗೆ ಗೊತ್ತೇ ಇರ್ಲಿಲ್ಲ ಮೇಡಂ, ಆಣೆ.”

“ನಂಗೆ ಗೊತ್ತಿತ್ತು.”

“ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?”

ನೀನು ಅಂದು ಮಧ್ಯಾಹ್ನ ಕೈ ಮುಗಿದದ್ದರಿಂದ ಎನ್ನಬಹುದಿತ್ತು. ಅದು ನಿಜವೂ ಹೌದು. ಆದರೆ ಅಷ್ಟಕ್ಕೆಲ್ಲ ಬಾಯಿ ಕಟ್ಟಿಕೊಂಡವಳು ನಾನು, ಅವನಲ್ಲ. “ಅಹಂಕಾರಕ್ಕೆ,” ಎಂದೆ.

“ಫೈಲು ಹೊರಗೆ ಹೋದ್ರೆ ನಿರ್ಮಾಪಕರು ಬಿಡಲ್ಲ. ಈ ಪಿಕ್ಚರ್ ಅಂತೂ ನಿಮ್ಮ ಕೈಲಿ ಉಳಿಯಲ್ಲ. ಇನ್ಮುಂದೆ ಯಾರು ಕರೀತಾರೆ ನಿಮ್ಮನ್ನ? ಯೋಚನೆ ಮಾಡಿ.”

“ಮಾಡಾಯ್ತು.”

ಅವನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಎರಡು ದಿನದಲ್ಲಿ ಮ್ಯಾನೇಜರ್ ಬಂದು ಹಾರ್ಡ್ ಡಿಸ್ಕುಗಳನ್ನು ತೆಗೆದುಕೊಂಡು ಹೋದರು. ಉಳಿದ ಕೆಲಸ ಬೆಂಗಳೂರಿನ ಯಾರಿಗೋ ಹೋಯಿತು. ಆ ಹತ್ತು ಸೆಕೆಂಡಿನ ಪ್ರತಿ ನನ್ನ ಹತ್ತಿರ ಇತ್ತು. ಅದನ್ನು ಕೇಳಿ ಪಡೆಯುವ ಗೋಜಿಗೆ ಅವರು ಹೋಗಲಿಲ್ಲ. ಬಹುಶಃ ಮರೆತರು, ಅಥವಾ ನಿರ್ದೇಶಕ ಮರೆತಂತೆ ಮಾಡಿದ.

ಭಾನುವಾರ ಬೆಳಿಗ್ಗೆ ಗರಡಿಗೆ ಹೋದೆ. ಹುಡುಗಿಗೆ ಮೊದಲೇ ಹೇಳಿ ಬರಹೇಳಿದ್ದೆ, ಏಕೆಂದು ಹೇಳಿರಲಿಲ್ಲ. ಚಪ್ಪಲಿ ಬಿಟ್ಟು ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದರೆ, ನಡುವೆ ಎಣ್ಣೆ ಅರಿಶಿನ ಕಲಸಿದ ಕೆಂಪು ಮಣ್ಣು. ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆಗಳು. ಉಸ್ತಾದರು ಎಪ್ಪತ್ತು ದಾಟಿದವರು, ಕಿವಿಗಳು ಕುಸ್ತಿಯಲ್ಲಿ ನುಗ್ಗಾಗಿ ಮುದುಡಿದ್ದವು. ಕಟ್ಟೆಯ ಮೇಲೆ ಕೂರಲು ಜಾಗ ತೋರಿಸಿದರು. ಹುಡುಗಿ ಮಟ್ಟಿಯ ಅಂಚಿಗೆ ಕಾಲ್ಬೆರಳು ತಾಗದಷ್ಟು ದೂರದಲ್ಲಿ ನಿಂತಿದ್ದಳು.

ನಾನು ಯಾರು, ಅಂದು ನನ್ನ ಕೆಲಸ ಏನಿತ್ತು ಎಂದು ಹೇಳಿ, ಸಣ್ಣ ಸ್ಪೀಕರನ್ನು ಕಟ್ಟೆಯ ಮೇಲಿಟ್ಟು ಬಿಟ್ಟೆ. ಹತ್ತು ಸೆಕೆಂಡು ಎಷ್ಟು ಬೇಗ ಮುಗಿಯುತ್ತದೆ. ಉಸ್ತಾದರು ತಮ್ಮ ಮುದುಡಿದ ಕಿವಿಯನ್ನು ಸ್ಪೀಕರಿಗೆ ಹತ್ತಿರ ತಂದು ಇನ್ನೊಂದು ಸಲ ಅಂದರು. ಎರಡನೆಯ ಸಲ ‘ಸುಮ್ನಿರು’ ಬಂದಾಗ ಅವರ ದವಡೆ ಬಿಗಿಯಿತು.

“ಅವನ್ ದನೀನೇ,” ಎಂದರು. “ನಾನೇ ಕಲಿಸಿದ್ದು ಅವ್ನಿಗೆ. ಕೆಳಗ್ ಬಿದ್ದೋನ್ ಮಾತು ಮೊದ್ಲು ಕೇಳ್ಬೇಕು ಅಂತ ಏಳ್ಕೊಟ್ಟಿದ್ದೆ.” ಹುಡುಗಿಯ ಕಡೆ ತಿರುಗಿದರು. “ಮಗಾ, ನಾನೂ ಕೇಳ್ನಿಲ್ಲ ನಿನ್ ಮಾತ. ತಪ್ಪಾಯ್ತು. ಇಳಿ ಮಟ್ಟಿಗೆ.”

ಅವಳು ಇಳಿಯಲಿಲ್ಲ. ಮುಖ ಮಾತ್ರ ಅರಳಿತ್ತು. ನನಗೂ ಎದೆಯ ಭಾರ ಇಳಿದಂತಾಗಿ, ಎಲ್ಲ ಸರಿಹೋಯಿತೆಂದು ಒಂದು ಗಳಿಗೆ ಅನ್ನಿಸಿತು. ಸ್ಪೀಕರ್ ಆರಿಸಲು ಕೈ ಚಾಚಿದೆ.

“ಇರಿ ಅಕ್ಕ. ಇನ್ನೊಂದ್ಸಲ ಆಕಿ.”

ಹಾಕಿದೆ. ಈ ಸಲ ಅವಳು ಕಣ್ಣು ಮುಚ್ಚಿದ್ದಳು. ‘ಸುಮ್ನಿರು’ ಆದ ಕೂಡಲೇ ಬಾಗದ ಆ ಬಲಗೈಯನ್ನು ಮುಂದೆ ಹಿಡಿದು ಒಂದೊಂದೇ ಬೆರಳು ಮಡಿಸತೊಡಗಿದಳು. ನಾಲ್ಕನೆಯ ಬೆರಳಿಗೆ ನನ್ನ ದನಿ ಬಂತು.

“ಇದು ನೀವು,” ಎಂದಳು.

“ಹೌದು.”

“ನಾ ಏಳಿದ್ದು ನಿಮ್ಗೆ ಆಗ್ಲೇ ಕೇಳಿಸ್ತಾ? ಇಲ್ಲಾ ಆಮೇಲೆ ಮಿಷಿನ್ನಲ್ಲಿ ಕೇಳಿದ್ರಾ?”

ಆಮೇಲೆ ಎಂದು ಹೇಳಿದ್ದರೆ ನಂಬುತ್ತಿದ್ದಳು. ಉಸ್ತಾದರೂ ನಂಬುತ್ತಿದ್ದರು, ಕಾಫಿ ಕೊಟ್ಟು ಕಳಿಸುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

“ಆಗ್ಲೇ ಕೇಳಿಸ್ತು.”

ಅವಳು ಮಡಿಸಿದ ನಾಲ್ಕು ಬೆರಳನ್ನು ನೋಡಿಕೊಂಡಳು. ಸಿಟ್ಟು ಮಾಡಲಿಲ್ಲ. ತನಗೆ ಚೆನ್ನಾಗಿ ಗೊತ್ತಿರುವ ಸಂಗತಿಯನ್ನು ಗೊತ್ತಿಲ್ಲದವರಿಗೆ ಹೇಳಿಕೊಡುವ ಹಾಗೆ ಹೇಳಿದಳು.

“ನಾಲ್ಕು ಎಣಿಸ್ದೆ ಅಕ್ಕ. ನಾಲ್ಕು ಅಂದ್ರೆ ಕಮ್ಮಿ ಹೊತ್ತಲ್ಲ. ಅಷ್ಟ್ರಲ್ಲಿ ನಾನು ಒಬ್ರನ್ನ ಎತ್ತಿ ಮಲಗಿಸ್ಬುಡ್ತೀನಿ.”

ತಪ್ಪಾಯಿತು ಎಂದೆ. ಅವಳು ತಲೆಯಾಡಿಸಿದಳು. ಅದು ಒಪ್ಪಿದೆ ಎಂದೋ, ಕೇಳಿಸಿತು ಎಂದೋ ತಿಳಿಯಲಿಲ್ಲ. ನನಗೆ ಬೆನ್ನು ಮಾಡಿ, ಒಂದು ಚಿಟಿಕೆ ಮಣ್ಣು ತೆಗೆದು ಹಣೆಗೊತ್ತಿಕೊಂಡು ಮಟ್ಟಿಗೆ ಇಳಿದಳು.

ನಾನು ಸ್ಪೀಕರಿನ ವೈರು ಸುತ್ತಿಕೊಂಡು ಹೊರಗೆ ಬಂದೆ. ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗೆ ಮಣ್ಣಿಗೆ ಮೈ ಬಿದ್ದ ಸದ್ದು ಕೇಳಿಸಿತು. ಮೊದಲು ತೋಳು, ಆಮೇಲೆ ಬೆನ್ನು, ಕಡೆಗೆ ಸಲೀಸಾಗಿ ಹೊರಟ ಉಸಿರು. ಸರಿಯಾಗಿ ಬಿದ್ದವರ ಸದ್ದು. ಅವಳು ಮತ್ತೆ ಎದ್ದು ಇನ್ನೊಂದು ಸಲ ಬೀಳುವವರೆಗೆ ಅಲ್ಲೇ ನಿಂತು ಕೇಳಿಸಿಕೊಂಡು, ಆಮೇಲೆ ಹೊರಟೆ.